ಸೆಕೆಂಡ್ ಹ್ಯಾಂಡ್ ಕಾರಿನ ಸೈಲೆನ್ಸರ್ ಸದ್ದು: ಮೊದಲು ಗಾಡಿ ಕೆಳಗೆ ನೋಡ್ರಿ

ನಮಸ್ಕಾರ. ದಾವಣಗೆರೆಯ ಕೆಎ-17 ಇರಲಿ, ಚಿತ್ರದುರ್ಗದ ಕೆಎ-16 ಇರಲಿ, ಒಂದು ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕ್ ತಗೊಂಡಿದ್ದೀರಿ ಅಂದ್ಕೊಳ್ರಿ. ಇಂಜಿನ್ ಚೆನ್ನಾಗಿದೆ, ರೇಟೂ ಸರಿ. ಆದ್ರೆ ಹಳೇ ಓನರ್ ಕಂಪನಿ ಸೈಲೆನ್ಸರ್ ಬಿಚ್ಚಿಸಿ ದಪ್ಪ ಬಾಯಿಂದು ಇನ್ನೊಂದು ಹಾಕಿಸಿದಾರೆ. ಬೆಳಗಿನ ಜಾವ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಸ್ಟಾರ್ಟ್ ಮಾಡಿದ್ರೆ ಪಕ್ಕದ ಬೀದಿಗೂ ಎಚ್ಚರ ಆಗುತ್ತೆ. ಹೈವೇ ಹತ್ತಿ ಚಿತ್ರದುರ್ಗ ಮುಟ್ಟೋದ್ರೊಳಗೆ, ಸುಮಾರು 60 ಕಿಲೋಮೀಟರ್‌ಗೇ, ತಲೆನೋವು ಶುರು.

ಇದಕ್ಕೆ ಸಿಗೋ ಸಲಹೆಗಳು ಗೊತ್ತಲ್ಲ. ಒಳಗೆ ಸ್ಟೀಲ್ ವುಲ್ (ಉಕ್ಕಿನ ನಾರು) ತುಂಬಿಸ್ರಿ, ಬಾಯಿಗೆ ಡಿಬಿ ಕಿಲ್ಲರ್ (ಬಾಯಿ ಕಿರಿದು ಮಾಡೋ ಸಣ್ಣ ಕೊಳವೆ) ಹಾಕಿಸ್ರಿ, ಪೈಪಿಗೆ ಬಿಸಿ ತಡೆಯೋ ಪಟ್ಟಿ ಸುತ್ತಿಸ್ರಿ. ನನ್ನ ಅಭಿಪ್ರಾಯ ಬೇರೆ. ಹೊಸದಾಗಿ ಏನನ್ನೂ ಸೇರಿಸೋಕೆ ಹೋಗಬೇಡ್ರಿ. ಕಂಪನಿ ಲೈನಿನಲ್ಲಿ ಏನು ಕಳೆದುಹೋಗಿದೆ ಅಂತ ಮೊದಲು ಹುಡುಕ್ರಿ, ಅದನ್ನ ವಾಪಸ್ ಹಾಕಿಸ್ರಿ. ಬಹುತೇಕ ಸಲ ಕೆಲಸ ಅಲ್ಲಿಗೇ ಮುಗಿಯುತ್ತೆ.

ಕಂಪನಿ ಲೈನ್ ಹೇಗಿರುತ್ತೆ? ಇಂಜಿನ್ನಿಂದ ಹೊಗೆ ಒಟ್ಟುಗೂಡಿಸೋ ಮ್ಯಾನಿಫೋಲ್ಡ್, ಅದರ ಬೆನ್ನಿಗೇ ಹೊಗೆಯ ವಿಷ ಕಡಿಮೆ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್), ಆಮೇಲೆ ಬಳುಕೋ ಫ್ಲೆಕ್ಸ್ ಪೈಪು, ಸುಮಾರು ಗಾಡಿಗಳಲ್ಲಿ ನಡುವೆ ಸದ್ದು ತಗ್ಗಿಸೋ ಒಂದು ಸಣ್ಣ ಡಬ್ಬಿ, ಅಂದ್ರೆ ರೆಸೊನೇಟರ್, ಕೊನೆಗೆ ಹಿಂದಿನ ದೊಡ್ಡ ಡಬ್ಬಿ. ಆ ಡಬ್ಬಿ ಒಳಗೆ ಗೋಡೆಗಳು, ತೂತಿನ ಪೈಪುಗಳು ಇರ್ತವೆ. ಸದ್ದು ಅಲ್ಲಿ ಗೋಡೆಗೆ ಬಡಿದು ವಾಪಸ್ ಬಂದು, ಒಂದಕ್ಕೊಂದು ಎದುರಾಗಿ ಸಾಯುತ್ತೆ. ತಗ್ಗಿನ ಗುಂಯ್ ಅನ್ನೋ ಸದ್ದನ್ನ ಕೊಲ್ಲೋದು ಈ ಗೋಡೆಗಳೇ. ಹೊರಗೆ ಕೊಂಡು ಹಾಕಿಸೋ ಆಫ್ಟರ್‌ಮಾರ್ಕೆಟ್ ಡಬ್ಬಿ ಬಹುತೇಕ ಸ್ಟ್ರೇಟ್-ಥ್ರೂ: ನೆಟ್ಟಗೆ ಒಂದು ತೂತಿನ ಪೈಪು, ಸುತ್ತ ಫೈಬರ್ ಗ್ಲಾಸ್. ಅದು ಮೇಲಿನ ಚುರುಕು ಸದ್ದನ್ನ ಹೀರುತ್ತೆ, ತಗ್ಗಿನದನ್ನ ಬಿಟ್ಟುಬಿಡುತ್ತೆ. ಎಷ್ಟೇ ದುಬಾರಿ ಆದ್ರೂ ಅದರ ಗುಣ ಇಷ್ಟೇ. ಬಿಸಿಗೆ ಫೈಬರ್ ಸುಟ್ಟು ಪುಡಿಯಾಗಿ ಹೊರಗೆ ಹಾರಿಹೋದ ಮೇಲೆ ಉಳಿಯೋದು ಖಾಲಿ ತಗಡು.

ಕ್ಯಾಬಿನ್ ಒಳಗೆ ಗುಂಯ್‌ಗುಟ್ಟೋದು ಯಾಕೆ ಅಂತ ಲೆಕ್ಕ ಹಾಕಬಹುದು. ನಾಲ್ಕು ಸಿಲಿಂಡರ್ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಫೈರ್ ಆಗುತ್ತೆ. 3000 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 50 ಸುತ್ತು, 100 ಫೈರ್, ಅದೇ 100 ಹರ್ಟ್ಸಿನ ಸದ್ದು. ಮೂರು ಸಿಲಿಂಡರ್ ಆದ್ರೆ 75 ಹರ್ಟ್ಸ್. ಡಿಬಿ ಕಿಲ್ಲರ್ ಹಾಕಿದಾಗ ಹೊರಗೆ ಸ್ವಲ್ಪ ಕಡಿಮೆ ಅನ್ಸಿದ್ರೂ ಒಳಗೆ ತಲೆನೋವು ಹಾಗೇ ಉಳಿಯೋದು ಇದಕ್ಕೇ: ಇಷ್ಟು ತಗ್ಗಿನ ಸದ್ದಿಗೆ ಅದು ಏನೂ ಮಾಡಲ್ಲ. ಬಾಯಿ ಕಿರಿದಾಗಿ ಹೊಗೆ ಹೋಗೋಕೆ ತಡೆ ಆಗುತ್ತೆ. ಅದರ ಬೋಲ್ಟ್ ಸಡಿಲಾದ್ರೆ ಹಿಂದೆ ಬರೋ ಬೈಕಿನವರ ಮೇಲೆ ಹಾರುತ್ತೆ. ಸ್ಟೀಲ್ ವುಲ್ ಕೆಂಪಗೆ ಕಾದು ಪುಡಿಯಾಗಿ ಹೊರಗೆ ಬೀಳುತ್ತೆ. ಸುತ್ತೋ ಪಟ್ಟಿ ಮಳೆ ನೀರು ಹಿಡಿದಿಟ್ಟು ಪೈಪನ್ನ ತುಕ್ಕು ಹಿಡಿಸುತ್ತೆ.

ಈಗ ಗಾಡಿ ಕೆಳಗೆ ಹೋಗೋಣ. ಬರೀ ಜಾಕ್ ಮೇಲೆ ನಿಲ್ಲಿಸಿದ ಕಾರಿನ ಕೆಳಗೆ ದಯವಿಟ್ಟು ನುಗ್ಗಬೇಡ್ರಿ. ಪಿಟ್ ಅಥವಾ ಲಿಫ್ಟ್ ಇರೋ ಗ್ಯಾರೇಜಿಗೇ ಹೋಗ್ರಿ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಸ್ಟಾರ್ಟ್ ಮಾಡಿಸಿ, ಒಬ್ಬರು ದಪ್ಪ ಬಟ್ಟೆಯಿಂದ ಹಿಂದಿನ ಬಾಯನ್ನ ಕೆಲವೇ ಸೆಕೆಂಡ್ ಒತ್ತಿ ಹಿಡೀಲಿ. ಲೀಕ್ ಇರೋ ಜಾಗದಲ್ಲಿ ಬುಸ್ ಅನ್ನುತ್ತೆ. ಜಾಯಿಂಟ್‌ಗಳಿಗೆ ಸೋಪಿನ ನೀರು ಹಾಕಿದ್ರೆ ಗುಳ್ಳೆ ಏಳುತ್ತೆ. ತಣ್ಣಗಿದ್ದಾಗ ಟಿಕ್ ಟಿಕ್ ಅಂದು, ಬಿಸಿಯಾದ ಮೇಲೆ ನಿಂತ್ರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಇಡ್ರಿ. ಹೊಗೆಯಲ್ಲಿನ ಆಮ್ಲಜನಕ ನೋಡೋ ಆಕ್ಸಿಜನ್ ಸೆನ್ಸಾರ್‌ಗಿಂತ ಮುಂಚೆ ಲೀಕ್ ಇದ್ರೆ ಸದ್ದು ಮಾತ್ರ ಅಲ್ಲ, ಮೈಲೇಜೂ ಬೀಳುತ್ತೆ. ಹೊರಗಿನ ಗಾಳಿ ಒಳಗೆ ಸೇರಿ, ಸೆನ್ಸಾರ್ ಪೆಟ್ರೋಲ್ ಕಡಿಮೆ ಇದೆ ಅಂತ ಓದಿ, ಇಂಜಿನ್ನಿನ ಕಂಪ್ಯೂಟರ್ (ಇಸಿಯು) ಸುಮ್ಮನೆ ಜಾಸ್ತಿ ಪೆಟ್ರೋಲ್ ಸುರಿಯುತ್ತೆ.

ಆಮೇಲೆ ಕ್ಯಾಟ್ ಇದೆಯಾ ನೋಡ್ರಿ. ಇದು ಅತಿ ಮುಖ್ಯ. ಅದರೊಳಗೆ ಪ್ಲ್ಯಾಟಿನಂ, ಪಲ್ಲೇಡಿಯಂ, ರೋಡಿಯಂ ಇರೋದ್ರಿಂದ ಬಿಚ್ಚಿ ಮಾರಿಕೊಂಡು ಬರೀ ಪೈಪು ಹಾಕಿರೋ ಗಾಡಿಗಳೂ ಇರ್ತವೆ. ಸ್ಕ್ಯಾನರ್ ಹಾಕಿಸಿ, ಕ್ಯಾಟ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋ ಪಿ0420 ಕೋಡ್ ಇದೆಯಾ ನೋಡ್ರಿ. ಕೋಡ್ ಇಲ್ಲ ಅಂದ ಮಾತ್ರಕ್ಕೆ ನಂಬಬೇಡ್ರಿ, ಹಿಂದಿನ ಸೆನ್ಸಾರ್ ಕೆಳಗೆ ಸ್ಪೇಸರ್ ಅನ್ನೋ ಸಣ್ಣ ತುಂಡು ಕೂರಿಸಿ ಇಸಿಯುಗೆ ಮೋಸ ಮಾಡಿರಬಹುದು. ಹೊಸ ಕ್ಯಾಟ್ ತುಂಬಾ ದುಬಾರಿ. ಅದಕ್ಕೇ, ಇನ್ನೂ ಗಾಡಿ ತಗೊಂಡಿಲ್ಲ ಅಂದ್ರೆ, ಈ ಪರೀಕ್ಷೆ ಅಡ್ವಾನ್ಸ್ ಕೊಡೋಕೆ ಮುಂಚೆ ಆಗಬೇಕು. ಕಂಪನಿಯ ಸೈಲೆನ್ಸರ್ ಹಳೇ ಓನರ್ ಮನೆ ಅಟ್ಟದ ಮೇಲೇ ಇರಬಹುದು, ಕೇಳಿ ಇಸ್ಕೊಳ್ರಿ. ಇಲ್ಲಾಂದ್ರೆ ಅಷ್ಟು ದುಡ್ಡು ರೇಟಲ್ಲಿ ಇಳಿಸ್ರಿ.

ಕಂಪನಿ ಡಬ್ಬಿ ಹೊಸದೇ ಬೇಕು ಅಂತಿಲ್ಲ, ಗುಜರಿಯಲ್ಲಿ ಒಳ್ಳೇದು ಸಿಕ್ಕರೆ ಸಾಕು. ಅಲ್ಲಾಡಿಸಿ ನೋಡ್ರಿ, ಒಳಗೆ ಗಡಗಡ ಅಂದ್ರೆ ಗೋಡೆ ಮುರಿದಿದೆ. ಅಂಚಿನ ಹೊಲಿಗೆಯಲ್ಲಿ ತುಕ್ಕು ಇದ್ರೆ ಬೇಡ. ತಳದಲ್ಲಿ ಸೂಜಿ ತೂತಿನಂಥ ಸಣ್ಣ ರಂಧ್ರ ಇದ್ರೆ ಅದು ನೀರು ಇಳಿಯೋಕೆ ಇಟ್ಟದ್ದು, ಮುಚ್ಚಿಸಬೇಡ್ರಿ. ಒಂದೇ ಮಾಡೆಲ್ ಆದ್ರೂ ಪೆಟ್ರೋಲ್, ಡೀಸೆಲ್ಲಿಗೆ ಡಬ್ಬಿ ಬೇರೆ, ವರ್ಷ ಬದಲಾದ್ರೆ ಪೈಪು ನೇತುಹಾಕೋ ಹ್ಯಾಂಗರ್ ಜಾಗ ಬೇರೆ. ಪೈಪಿನ ದಪ್ಪ ವರ್ನಿಯರ್‌ನಲ್ಲೇ ಅಳೀರಿ.

ವೆಲ್ಡಿಂಗ್ ಬೇಕಾದ್ರೆ ಗೇಟು, ಗ್ರಿಲ್ ಮಾಡೋ ಅಂಗಡಿಗೆ ಹೋಗಬೇಡ್ರಿ. 3.15 ಎಂಎಂ ರಾಡಿಗೆ ತೆಳು ಪೈಪು ತೂತು ಬೀಳುತ್ತೆ. 0.8 ಎಂಎಂ ವೈರಿನ ಮಿಗ್ ವೆಲ್ಡಿಂಗ್ ಸರಿ. ಸ್ಟೇನ್‌ಲೆಸ್ಸನ್ನ ಮಾಮೂಲಿ ಕಬ್ಬಿಣಕ್ಕೆ ಸೇರಿಸೋದಾದ್ರೆ 309ಎಲ್ ಫಿಲ್ಲರ್ ಕೇಳ್ರಿ. ನೀರಿನ ಜಿಐ ಪೈಪು ಖಂಡಿತ ಬೇಡ, ಅದರ ಸತು ಸುಟ್ಟ ಹೊಗೆ ಕುಡಿದು ಜ್ವರ ಬಂದು ಮಲಗೋದು ವೆಲ್ಡರ್ ಹುಡುಗ. ಶುರು ಮಾಡೋ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಅರ್ಥ್ ಕ್ಲ್ಯಾಂಪನ್ನ ವೆಲ್ಡ್ ಜಾಗದ ಪಕ್ಕ ಪೈಪಿಗೇ ಹಾಕಿಸ್ರಿ. ಹತ್ತಿರದಲ್ಲಿ ಆಕ್ಸಿಜನ್ ಸೆನ್ಸಾರ್ ಇದ್ರೆ ಬಿಚ್ಚಿಡ್ರಿ. ಮೊದಲು ಬರೀ ಟ್ಯಾಕ್, ಅಂದ್ರೆ ಅಲ್ಲಲ್ಲಿ ಚುಕ್ಕಿ ವೆಲ್ಡ್. ಹ್ಯಾಂಗರ್ ರಬ್ಬರ್ ಎಲ್ಲಾ ಹೊಸದು ಹಾಕಿ, ಪೈಪಿಗೂ ಬಾಡಿಗೂ 15ರಿಂದ 20 ಎಂಎಂ ಸಂದು ಇದೆಯಾ ನೋಡಿದ ಮೇಲೆ ಪೂರ್ತಿ ವೆಲ್ಡ್. ಪೈಪು ಬಾಡಿಗೆ ತಾಗಿದ್ರೆ ಇಡೀ ಕಾರೇ ನಗಾರಿ ಥರ ಬಾರಿಸುತ್ತೆ. ಹೊಗೆಬಾಯಿ ಬಂಪರ್ ದಾಟಿ ಹೊರಗಿರಲೇಬೇಕು, ಒಳಗುಳಿದ್ರೆ ಡಿಕ್ಕಿ ಸಂದಿನಿಂದ ಕಾರ್ಬನ್ ಮೊನಾಕ್ಸೈಡ್ ಕ್ಯಾಬಿನ್ನಿಗೆ ಬರುತ್ತೆ.

ಕಂಪನಿ ಡಬ್ಬಿ ಎಲ್ಲೂ ಸಿಗಲೇ ಇಲ್ಲ ಅಂದ್ರೆ? ಒಳಗೆ ಗೋಡೆಗಳಿರೋ ಚೇಂಬರ್ಡ್ ಮಫ್ಲರ್ ತಗೊಂಡು, ನಡುವೆ ಒಂದು ರೆಸೊನೇಟರ್ ಹಾಕಿಸ್ರಿ. ಆಮೇಲೂ ಒಂದೇ ಆರ್‌ಪಿಎಂನಲ್ಲಿ ಗುಂಯ್ ಅಂದ್ರೆ ಕ್ವಾರ್ಟರ್-ವೇವ್ ಪೈಪು ಇದೆ: ಮುಖ್ಯ ಪೈಪಿಂದ ಕವಲೊಡೆದು ತುದಿ ಮುಚ್ಚಿದ ಒಂದು ಕೊಳವೆ. ಸದ್ದಿನ ಅಲೆ ಅದರೊಳಗೆ ಹೋಗಿ ಬರೋ ಹೊತ್ತಿಗೆ ಅರ್ಧ ಸುತ್ತು ಹಿಂದೆ ಬಿದ್ದು, ಎದುರಿನ ಅಲೆಯನ್ನ ಅಳಿಸುತ್ತೆ. ಉದ್ದ ಅಂದ್ರೆ ಶಬ್ದದ ವೇಗವನ್ನ ಹರ್ಟ್ಸಿನ ನಾಲ್ಕು ಪಟ್ಟಿನಿಂದ ಭಾಗಿಸೋದು. ಸುಮಾರು 300 ಡಿಗ್ರಿ ಬಿಸಿ ಹೊಗೆಯಲ್ಲಿ ಶಬ್ದ ಸೆಕೆಂಡಿಗೆ 480 ಮೀಟರ್ ಓಡುತ್ತೆ, 100 ಹರ್ಟ್ಸಿಗೆ 1.2 ಮೀಟರ್ ಬರುತ್ತೆ. ಮುಚ್ಚಿದ ಕೊಳವೆಯಲ್ಲಿ ಹೊಗೆ ಇನ್ನೂ ತಣ್ಣಗಿರುತ್ತೆ, ಹಾಗಾಗಿ ನಿಜದ ಅಳತೆ ಒಂದು ಮೀಟರ್ ಆಸುಪಾಸು. ತುದಿ ಮುಚ್ಚಳವನ್ನ ಕ್ಲ್ಯಾಂಪಿನಲ್ಲಿ ಹಿಂದೆ ಮುಂದೆ ಸರಿಸೋ ಹಾಗೆ ಇಟ್ಟು, ಹೈವೇಯಲ್ಲಿ ಓಡಿಸಿ, ಸರಿಹೋದಲ್ಲಿ ವೆಲ್ಡ್ ಮಾಡಿಸ್ರಿ.

ದಪ್ಪ ಬಾಯಿಯ ಸೈಲೆನ್ಸರ್ ಹಾಕಿದ್ರೆ ಪವರ್ ಹೆಚ್ಚಾಗುತ್ತೆ ಅನ್ನೋ ಮಾತನ್ನ ನಾನು ಒಪ್ಪಲ್ಲ. 1.2 ಲೀಟರ್ ಇಂಜಿನ್ನಿಗೆ ಹಿಂದಿನ ಡಬ್ಬಿ ಮಾತ್ರ ಬದಲಿಸಿದ್ರೆ ಸಿಗೋದು ಸದ್ದು, ಓಟ ಅಲ್ಲ. ಕಾರು ಕಂಪನಿಯಿಂದ ಬರೋವಾಗ ಅದರ ಸದ್ದಿಗೆ 74 ಡೆಸಿಬೆಲ್ ಮಿತಿ ಇದೆ. 10 ಡೆಸಿಬೆಲ್ ಏರಿದ್ರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು. ಆಸ್ಪತ್ರೆ ಸುತ್ತ 100 ಮೀಟರ್ ಸೈಲೆನ್ಸ್ ಝೋನ್‌ನಲ್ಲಿ ರಾತ್ರಿಯ ಮಿತಿ 40 ಡೆಸಿಬೆಲ್. ದಾವಣಗೆರೆಯ ಸಿ.ಜಿ. ಆಸ್ಪತ್ರೆ ಮುಂದೆ ನಿಮ್ಮ ಗಾಡಿ ಹೋದಾಗ ಒಳಗೆ ಬಾಣಂತಿ ಇದ್ದಾಳೆ, ಆಪರೇಷನ್ ಆದವರು ಮಲಗಿದ್ದಾರೆ.

ಎಮಿಷನ್ ಟೆಸ್ಟ್ ಪಾಸಾಗಿದೆ ಅಂದ್ರೂ ನಡೆಯಲ್ಲ, ಅದು ಹೊಗೆ ಅಳೆಯುತ್ತೆ, ಸದ್ದನ್ನಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190(2) ಪ್ರಕಾರ ಸದ್ದಿನ ಮಿತಿ ಮೀರಿದ ಮೊದಲ ತಪ್ಪಿಗೆ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಲೈಸೆನ್ಸಿಗೂ 3 ತಿಂಗಳ ಅನರ್ಹತೆ ಇದೆ. ಆ ಸೆಕ್ಷನ್ ಹಿಡಿಯೋದು ಗಾಡಿ ಓಡಿಸುತ್ತಿರೋರನ್ನ, ಓಡಿಸೋಕೆ ಬಿಟ್ಟೋರನ್ನ. ಹಳೇ ಓನರ್ ಹಾಕಿಸಿದ್ದು ಅನ್ನೋದು ಉತ್ತರ ಆಗಲ್ಲ.

ಕೆಲಸ ಮುಗಿದ ಮೇಲೆ ಒಂದೆರಡು ದಿನ ಸುಟ್ಟ ಎಣ್ಣೆ ವಾಸನೆ ಬಂದ್ರೆ ಗಾಬರಿ ಬೇಡ. ಇನ್ನೂರು ಕಿಲೋಮೀಟರ್ ಓಡಿದ ಮೇಲೆ, ಇಂಜಿನ್ ತಣ್ಣಗಿರೋವಾಗ, ಪೈಪು ಜೋಡಿಸೋ ಫ್ಲ್ಯಾಂಜ್ ಬೋಲ್ಟ್ ಮತ್ತು ಕ್ಲ್ಯಾಂಪ್‌ಗಳನ್ನ ಇನ್ನೊಂದು ಸಲ ಬಿಗಿ ಮಾಡಿಸ್ರಿ, ಬಿಸಿಗೆ ಗ್ಯಾಸ್ಕೆಟ್ ಕೂತು ಅವು ಸಡಿಲಾಗಿರ್ತವೆ.