ಡಾಂಬರು ಆಮೇಲೆ ಹಾಕಿ, ಮೊದಲು ಮೋರಿ ಒಳಗೆ ನೋಡಿ

ನಮಸ್ಕಾರ, ಎಲ್ಲರಿಗೂ. ಇವತ್ತು ನಿಜವಾಗಿ ಬೇರೆ ವಿಷಯ ಮಾತಾಡಬೇಕಿತ್ತು. ದರ್ಶಿನಿಗಳಲ್ಲಿ ಚಟ್ನಿ ಯಾಕೆ ದಿನದಿನಕ್ಕೆ ನೀರಾಗುತ್ತಿದೆ ಅಂತ ಒಂದು ಎಪಿಸೋಡ್ ರೆಡಿ ಮಾಡಿಕೊಂಡಿದ್ದೆ. ಅದು ಮುಂದಿನ ವಾರ. ಯಾಕೆ ಅಂದರೆ ಕಳೆದ ವಿಡಿಯೋ ಕೆಳಗೆ ಒಬ್ಬರು ಕಮೆಂಟ್ ಹಾಕಿದ್ದಾರೆ, ಅದನ್ನು ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಓದುತ್ತೇನೆ ಕೇಳಿ. "ಸಾರ್, ರಸ್ತೆ ಕುಸಿದ್ರೆ ಮಣ್ಣು ಹಾಕಿ ಮುಚ್ಚುತ್ತಾರೆ ಬಿಡಿ. ಮೋರಿ ಒಳಗೆ ಬಗ್ಗಿ ನೋಡೋಕೆ ಅಲ್ಲೇನು ಬಂಗಾರ ಇಟ್ಟಿದ್ದಾರಾ?"

ಅದಕ್ಕೆ 212 ಲೈಕು. ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ.

ಸರಿ. ಮೋರಿ ಅಂದರೆ ಇಲ್ಲಿ ರಸ್ತೆ ಅಡಿಯಲ್ಲಿ ನೀರು ಹರಿದು ಹೋಗುವ ಕಾಲುವೆ. ಅದರಲ್ಲಿ ಬಂಗಾರ ಇಲ್ಲ ಸ್ವಾಮಿ. ಏನಿದೆ ಅಂತ ಹೇಳುತ್ತೇನೆ, ಯಾಕೆಂದರೆ ನಾನು ಬಗ್ಗಿ ನೋಡಿದ್ದೇನೆ.

ನಮ್ಮ ಬೀದಿ ಮೂಲೆಯಲ್ಲಿ ಒಂದು ತಗ್ಗು ಇದೆ. ಯಾವ ಬಡಾವಣೆ, ಯಾವ ಕಚೇರಿ ಅಂತ ಹೇಳುವುದಿಲ್ಲ, ನನಗೂ ಮನೆ ಖಾತೆ ಕೆಲಸ ಬಾಕಿ ಇದೆ. ಮೊದಲು ಊಟದ ತಟ್ಟೆಯಷ್ಟು ಅಗಲ ಇತ್ತು. ಜಲ್ಲಿ, ಡಾಂಬರು ಹಾಕಿ ರೋಲರ್ ಓಡಿಸಿ ಹೋದರು. ಎರಡು ಮಳೆ ಬಂತು, ತಟ್ಟೆ ಹೋಗಿ ಮೊರದಷ್ಟಾಯಿತು. ಮತ್ತೆ ಬಂದರು, ಮತ್ತೆ ಹಾಕಿದರು. ಈಗ ಮೂರನೇ ಸಲ. ಮೂರನೇ ಸಲ ಬಂದಾಗ ನಾನು ಹೋಗಿ ಕೇಳಿದೆ, "ಅಣ್ಣಾ, ಇದರ ಕೆಳಗೆ ಹಳೇ ಮೋರಿ ಇದೆ, ಒಳಗೆ ನೋಡಿದ್ರಾ?" ಅವರು ನನ್ನ ಮುಖ ನೋಡಿದರು. "ಮೇಲೆ ಹಾಕೋದು ನಮ್ಮ ಕೆಲಸ ಸಾರ್, ಒಳಗಿಂದು ಬೇರೆಯವ್ರು" ಅಂದರು. ಪಾಪ, ಅವರ ತಪ್ಪೇನಿಲ್ಲ. ಅವರಿಗೆ ಕೊಟ್ಟಿರೋದೇ ಅಷ್ಟು ಕೆಲಸ.

ಅವತ್ತು ಸಂಜೆ ಒಂದು ಕೋಲಿಗೆ ಫೋನ್ ಕಟ್ಟಿ, ಟಾರ್ಚ್ ಹಾಕಿ, ವಿಡಿಯೋ ಆನ್ ಮಾಡಿ, ಮೋರಿ ಬಾಯಿ ಇರುವ ಕಡೆಯಿಂದ ಒಳಗೆ ತೂರಿಸಿದೆ. ನನ್ನ ಹೆಂಡತಿ ಗೇಟಿನ ಹತ್ತಿರ ನಿಂತು "ಫೋನ್ ಬಿದ್ರೆ ಹೊಸದು ಕೇಳಬೇಡಿ" ಅಂತ ಹೇಳುತ್ತಿದ್ದಳು. ಬೀಳಲಿಲ್ಲ. ವಿಡಿಯೋದಲ್ಲಿ ಕಂಡಿದ್ದು ಇದು. ಎರಡು ಕಡೆ ಸೈಜುಗಲ್ಲಿನ ಗೋಡೆ, ಮೇಲೆ ಚಪ್ಪಡಿ. ಹಳೇ ಕಾಲದ ಮೋರಿ ಕಟ್ಟುತ್ತಿದ್ದದ್ದೇ ಹಾಗೆ. ಎಡಗಡೆ ಗೋಡೆಯಲ್ಲಿ ಒಂದು ಕಲ್ಲು ಇಲ್ಲ. ಹಲ್ಲು ಬಿದ್ದ ಬಾಯಿ ಹಾಗೆ. ಆ ಸಂದಿಯಿಂದ ಕೆಂಪು ಮಣ್ಣು ಸಣ್ಣಗೆ ಉದುರುತ್ತಿದೆ, ಜರಡಿಯಿಂದ ರಾಗಿ ಹಿಟ್ಟು ಉದುರುವ ಹಾಗೆ. ನಿಲ್ಲುವುದೇ ಇಲ್ಲ. ಕೆಳಗೆ ಗುಡ್ಡೆ. ಆ ಗುಡ್ಡೆ ಎಲ್ಲಿಂದ ಬಂತು ಗೊತ್ತಾಯಿತಲ್ವಾ? ನಮ್ಮ ರಸ್ತೆ ಅಡಿಯಿಂದ.

ಇದೇ ಸ್ವಾಮಿ ಬಂಗಾರ.

ರಸ್ತೆ ಬಾಯಿ ಬಿಡುವುದು ಒಂದೇ ದಿನದಲ್ಲಿ ಅಲ್ಲ. ಮೋರಿಯದ್ದೋ ಪೈಪಿನದ್ದೋ ಒಂದು ಸಂದಿ ಬಿಟ್ಟುಕೊಳ್ಳುತ್ತೆ. ಮಳೆ ಬಂದಾಗ ಸುತ್ತಲಿನ ಮಣ್ಣು ನೀರಿನ ಜೊತೆ ಆ ಸಂದಿಯಲ್ಲಿ ಒಳಗೆ ಹೋಗುತ್ತೆ, ಮೋರಿ ಅದನ್ನು ಹೊತ್ತುಕೊಂಡು ಹೋಗುತ್ತೆ, ಅಲ್ಲೊಂದು ಪೊಳ್ಳಾಗುತ್ತೆ. ಆ ಪೊಳ್ಳು ನಿಧಾನಕ್ಕೆ ಮೇಲೆ ಮೇಲೆ ಬರುತ್ತೆ. ಕೊನೆಗೆ ಉಳಿಯುವುದು ಡಾಂಬರಿನ ಒಂದು ಚಕ್ಕೆ, ಅದು ಹಪ್ಪಳದ ಹಾಗೆ ನಿಂತಿರುತ್ತೆ. ಬೈಕ್ ಹೋದರೆ ತಡೆಯುತ್ತೆ, ಆಟೋ ಹೋದರೂ ತಡೆಯುತ್ತೆ, ಒಂದು ದಿನ ನೀರಿನ ಟ್ಯಾಂಕರ್ ಬರುತ್ತೆ. ಅಷ್ಟೇ. ನೀವು ಅದರ ಮೇಲೆ ಹೊಸ ಡಾಂಬರು ಹಾಕಿದರೆ ಏನಾಗುತ್ತೆ? ಹಪ್ಪಳದ ಮೇಲೆ ಇನ್ನೊಂದು ಹಪ್ಪಳ. ಮೇಲೆ ಥಳಕು ಒಳಗೆ ಹುಳುಕು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು, ರಸ್ತೆ ಬಗ್ಗೆ ಅಲ್ಲ, ನಮ್ಮ ಚಿಕ್ಕಪ್ಪನ ಬಗ್ಗೆ, ಆದರೂ.

ಅದಕ್ಕೇ ಹೇಳುತ್ತಿರುವುದು. ಡಾಂಬರು ಹಾಕೋ ಮುಂಚೆ ಮೋರಿ ಒಳಗೆ ನೋಡಿ. ಇಷ್ಟೇ ನನ್ನ ಮಾತು.

ಹಲಸಿನ ಹಣ್ಣು ತರುವಾಗ ತಟ್ಟಿ ನೋಡುತ್ತೇವೆ. ಕಲ್ಲಂಗಡಿ ತಟ್ಟುತ್ತೇವೆ. ಹೊಸ ಮಡಕೆ ತಂದರೆ ಬೆರಳಲ್ಲಿ ಟಣ್ ಅಂತ ಬಡಿದು ನೋಡುತ್ತೇವೆ. ಐವತ್ತು ರೂಪಾಯಿ ಮಡಕೆಗೆ ಇಷ್ಟು ತಪಾಸಣೆ. ದಿನಾ ಮಕ್ಕಳ ಸ್ಕೂಲ್ ವ್ಯಾನ್ ಹೋಗುವ ರಸ್ತೆಗೆ?

ಈಗ ಇನ್ನೊಬ್ಬ ಬುದ್ಧಿವಂತ ಬರುತ್ತಾನೆ, ಬಂದಿದ್ದಾನೆ ಕೂಡ. "ಜಪಾನಲ್ಲೇ ಕುಸಿಯುತ್ತೆ ಗುರೂ, ನಮ್ಮದು ಯಾವ ಲೆಕ್ಕ." ಸರಿ, ಜಪಾನಿಗೇ ಹೋಗೋಣ. 2025ರ ಜನವರಿ 28. ಟೋಕಿಯೋ ಪಕ್ಕದ ಸೈತಾಮಾ ಪ್ರಾಂತ್ಯದ ಯಾಶಿಯೋ ಅನ್ನುವ ಊರು. ಬೆಳಗ್ಗೆ ಹೊತ್ತು, ಸಿಗ್ನಲ್ ಇರುವ ದೊಡ್ಡ ರಸ್ತೆ, ಒಂದು ಲಾರಿ ಹೋಗುತ್ತಿದೆ, ರಸ್ತೆ ಬಾಯಿ ಬಿಟ್ಟಿತು. ಲಾರಿ ಒಳಗೆ. ಡ್ರೈವರ್‌ಗೆ 74 ವರ್ಷ. ಗುಂಡಿ ದೊಡ್ಡದಾಗುತ್ತಾ ಹೋಯಿತು, ದಡ ಕುಸಿಯುತ್ತಲೇ ಇತ್ತು, ಹತ್ತಿರ ಹೋಗೋಕೇ ಆಗಲಿಲ್ಲ. ಅವರ ದೇಹ ಹೊರಗೆ ತೆಗೆದದ್ದು ಮೇ ತಿಂಗಳಲ್ಲಿ. ಜನವರಿ, ಮೇ. ಆ ಕುಟುಂಬದ ಬಗ್ಗೆ ಒಂದು ನಿಮಿಷ ಯೋಚನೆ ಮಾಡಿ.

ಕೆಳಗೆ ಇದ್ದದ್ದು 4.75 ಮೀಟರ್ ಅಗಲದ ಒಳಚರಂಡಿ ಕೊಳವೆ, ಸುಮಾರು 10 ಮೀಟರ್ ಆಳದಲ್ಲಿ. 1983ರಲ್ಲಿ ಹಾಕಿದ್ದು. ಅಂದರೆ ನನಗಿಂತ ಎರಡು ವರ್ಷ ದೊಡ್ಡದು, ನನಗೆ ಈಗಲೇ ಮಂಡಿ ನೋವು. ಒಳಚರಂಡಿಯಲ್ಲಿ ಕೊಳೆತ ಮೊಟ್ಟೆ ವಾಸನೆ ಬರುತ್ತೆ ನೋಡಿ, ಆ ಅನಿಲ ಮೇಲೆ ಹೋಗಿ ಕೊಳವೆಯ ಮಾಳಿಗೆಗೆ ಅಂಟುತ್ತೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಗಂಧಕಾಮ್ಲ ಮಾಡುತ್ತೆ. ಆಸಿಡ್ಡು! ಕಾಂಕ್ರೀಟನ್ನು ತಿಂದು ಹಾಕುತ್ತೆ. ತಮಾಷೆ ಏನು ಅಂದರೆ ಕೊಳಚೆ ಮುಟ್ಟುವ ತಳ ಗಟ್ಟಿ ಇರಬಹುದು, ಕೊಳಚೆ ಮುಟ್ಟದೇ ಇರುವ ಮೇಲ್ಭಾಗವೇ ಕರಗುತ್ತೆ. ಮೇಲಿನಿಂದ ರಸ್ತೆ ನೋಡಿದರೆ ನಿಮಗೆ ಏನು ಗೊತ್ತಾಗಬೇಕು? ಆ ಒಂದು ಗುಂಡಿಯಿಂದ ಸುಮಾರು 12 ಲಕ್ಷ ಜನಕ್ಕೆ "ಸ್ನಾನ, ಬಟ್ಟೆ ಒಗೆಯೋದು ಆದಷ್ಟು ಕಡಿಮೆ ಮಾಡಿ" ಅಂತ ಹೇಳಬೇಕಾಯಿತು.

"ಅಲ್ಲಿ ತಪಾಸಣೆ ಮಾಡಿದ್ರಲ್ಲಾ, ಆದ್ರೂ ಬಿತ್ತಲ್ಲಾ?" ಹೌದು, 2021ರಲ್ಲಿ ನೋಡಿದ್ದರು. ಸವೆದಿದೆ, ಆದರೆ ತಕ್ಷಣ ರಿಪೇರಿ ಬೇಕಿಲ್ಲ ಅಂತ ಬರೆದಿದ್ದರು. ಹಾಗಂತ ನೋಡುವುದೇ ಬೇಡ ಅಂತಾನಾ? ಡಾಕ್ಟರ್ ಒಬ್ಬರು ಬಿಪಿ ತಪ್ಪಾಗಿ ಓದಿದರು ಅಂತ ಬಿಪಿ ಮಷೀನನ್ನೇ ಚರಂಡಿಗೆ ಎಸೆಯುತ್ತೀರಾ? ಜಪಾನಿನವರು ಅದಾದ ಮೇಲೆ ಏನು ಮಾಡಿದರು ಗೊತ್ತಾ? 2 ಮೀಟರ್ ಅಥವಾ ಅದಕ್ಕಿಂತ ಅಗಲದ, 30 ವರ್ಷ ದಾಟಿದ ಕೊಳವೆಗಳನ್ನೆಲ್ಲ ದೇಶದಾದ್ಯಂತ ನೋಡಿ ಅಂತ ಹೊರಟರು. ಜಪಾನಿನಲ್ಲಿ ವರ್ಷಕ್ಕೆ ಸುಮಾರು 10 ಸಾವಿರ ಕಡೆ ರಸ್ತೆ ಕುಸಿಯುತ್ತೆ, 2022ರ ಲೆಕ್ಕದಲ್ಲಿ ಅದರಲ್ಲಿ 2,600ರಷ್ಟು ಒಳಚರಂಡಿಯಿಂದಲೇ. ಲೆಕ್ಕ ಅವರ ಹತ್ತಿರ ಇದೆ, ಅದೇ ದೊಡ್ಡದು. ನಮ್ಮ ಬೀದಿ ಮೋರಿ ಯಾವ ವರ್ಷದ್ದು ಅಂತ ಕೇಳಿದ್ದಕ್ಕೆ ನನಗೆ ಸಿಕ್ಕ ಉತ್ತರ, "ಮೊದಲಿಂದಾನೂ ಇದೆ ಸಾರ್."

ಮೊದಲಿಂದಾನೂ ಇದೆ. ದೇವಸ್ಥಾನದ ಬಗ್ಗೆ ಹೇಳುವ ಮಾತು ಅದು!

ಒಂದು ನಿಮಿಷ. ಈ "ಮೊದಲಿಂದಾನೂ ಇದೆ" ಅಂತ ಬರೆದ ಟೀ ಶರ್ಟ್ ಮಾಡಿಸುತ್ತಿದ್ದೇನೆ, ಲಿಂಕ್ ಕೆಳಗೆ ಇರುತ್ತೆ. ಕಪ್ಪು ಬಣ್ಣ ಮಾತ್ರ, ಎಕ್ಸ್‌ಎಲ್ ಜಾಸ್ತಿ ಮಾಡಿಸಿದ್ದೇನೆ, ನಮ್ಮ ವೀಕ್ಷಕರು ಯಾರು ಅಂತ ನನಗೆ ಗೊತ್ತು. ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲ ಅಂದರೆ ಆಗಿ, ಆ 212 ಜನ ಕೂಡ ಆಗಿ, ಬಂದು ಬೈಯಿರಿ, ನಡೆಯುತ್ತೆ.

ಎಲ್ಲಿದ್ದೆ? ಹಾಂ, ನೋಡುವುದು. ನೋಡಿ ಅಂದ ತಕ್ಷಣ ಕೆಲವರು ಮನುಷ್ಯರನ್ನು ಇಳಿಸುವ ಯೋಚನೆ ಮಾಡುತ್ತಾರೆ. ಬೇಡ. ರಕ್ಷಣಾ ಸಾಧನ ಇಲ್ಲದೆ ಒಳಚರಂಡಿ ಸ್ವಚ್ಛ ಮಾಡೋಕೆ ಮನುಷ್ಯರನ್ನು ಇಳಿಸುವುದು 2013ರ ಕಾನೂನಿನಲ್ಲಿ ಅಪರಾಧ. ಒಳಚರಂಡಿಗೆ ಇಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ನಾನು ಹೇಳುತ್ತಿರುವುದು ಕ್ಯಾಮೆರಾ. ನಾಲ್ಕು ಚಕ್ರದ ಸಣ್ಣ ಗಾಡಿ, ಮುಂದೆ ತಿರುಗುವ ಕ್ಯಾಮೆರಾ, ಹಿಂದೆ ಉದ್ದದ ವೈರು. ಮೊದಲು ಜೋರಾಗಿ ನೀರು ಚಿಮ್ಮಿಸುವ ಜೆಟ್ಟಿಂಗ್ ಮಷೀನ್ ತಂದು ಹೂಳು ತೆಗೆಯಬೇಕು, ಇಲ್ಲದಿದ್ದರೆ ತಳದಲ್ಲಿ ಏನಾಗಿದೆ ಅಂತ ಕಾಣುವುದೇ ಇಲ್ಲ. ಆಮೇಲೆ ಗಾಡಿ ಬಿಟ್ಟು ಒಂದೊಂದು ಜಾಯಿಂಟ್ ಹತ್ತಿರ ನಿಲ್ಲಿಸಿ, ಕತ್ತು ತಿರುಗಿಸಿ ನೋಡಬೇಕು. ಬಾಯಿಯಿಂದ ಎಷ್ಟು ಮೀಟರ್ ಒಳಗೆ ಬಿರುಕು, ಎಲ್ಲಿ ಕಲ್ಲು ಇಲ್ಲ, ಎಲ್ಲಿ ಕಂಬಿ ಹೊರಗೆ ಬಂದಿದೆ, ಬರೆದಿಡಬೇಕು. ರಸ್ತೆ ಮೇಲೆ ತಳ್ಳಿಕೊಂಡು ಹೋಗುವ ರಾಡಾರ್ ಗಾಡಿ ಕೂಡ ಇದೆ, ಆದರೆ ಅದರ ಕಣ್ಣು ಎರಡು ಮೂರು ಮೀಟರ್ ಆಳಕ್ಕೆ ಮಂಜಾಗುತ್ತೆ. ಒದ್ದೆ ಜೇಡಿ ಮಣ್ಣಾದರೆ ಅದೂ ಕಷ್ಟ. ಯಾಶಿಯೋ ಕೊಳವೆ ಎಷ್ಟು ಆಳ ಅಂದೆ? ಹತ್ತು ಮೀಟರ್. ಹಾಗಾಗಿ ಒಳಗಿನಿಂದಲೇ ನೋಡಬೇಕು. ಒಳಗಿನಿಂದ! ನಾನು ಎಷ್ಟು ಸಲ ಹೇಳಲಿ?

"ದೊಡ್ಡ ಸೇತುವೆ ನೋಡ್ತಾರಲ್ಲ, ಸಾಕು." ಇದನ್ನು ಹೇಳಿದವರು ನನ್ನ ಸ್ವಂತ ಭಾವ, ಸಿವಿಲ್ ಓದಿದವರು. ಭಾವ, ನೀವು ಇದನ್ನು ನೋಡುತ್ತಿದ್ದರೆ, ನಿಮಗೇ. ಅಮೆರಿಕದಲ್ಲಿ 1967ರ ಡಿಸೆಂಬರ್ 15ರಂದು ಒಹಾಯೋ ನದಿಯ ಸಿಲ್ವರ್ ಬ್ರಿಡ್ಜ್ ಬಿದ್ದು 46 ಜನ ಸತ್ತರು. ಅದಾದ ಮೇಲೆ ಸೇತುವೆಗಳನ್ನು ಸಾಮಾನ್ಯವಾಗಿ 24 ತಿಂಗಳಿಗೊಮ್ಮೆ ತಪಾಸಣೆ ಮಾಡಲೇಬೇಕು ಅಂತ ನಿಯಮ ತಂದರು. ಒಳ್ಳೆಯದು. ಆದರೆ ಅದು 20 ಅಡಿಗಿಂತ ಅಗಲ ಇದ್ದರೆ ಮಾತ್ರ. 19 ಅಡಿ ಮೋರಿ ಆ ನಿಯಮದ ಹೊರಗೆ! ರಸ್ತೆ, ಸೇತುವೆ ಹೇಗಿರಬೇಕು ಅಂತ ಮಾನದಂಡ ಬರೆಯುವ ನಮ್ಮ ಇಂಡಿಯನ್ ರೋಡ್ ಕಾಂಗ್ರೆಸ್ ಸಂಸ್ಥೆಯ ಲೆಕ್ಕದಲ್ಲಿ 6 ಮೀಟರ್‌ವರೆಗೆ ಮೋರಿ, ಅದು ದಾಟಿದರೆ ಕಿರು ಸೇತುವೆ. ಸೇತುವೆಗೆ ಹೆಸರಿದೆ, ಬೋರ್ಡ್ ಇದೆ, ಉದ್ಘಾಟನೆಯ ಕಲ್ಲಿದೆ. ಮೋರಿಗೆ ಟೇಪು ಕತ್ತರಿಸಿದವರನ್ನು ನೀವು ನೋಡಿದ್ದೀರಾ? ಹೆಸರಿಲ್ಲದ್ದನ್ನು ಯಾರು ಹೋಗಿ ಮಾತಾಡಿಸುತ್ತಾರೆ ಭಾವ?

ಕಾಸಿಲ್ಲ ಅಂತ ಹೇಳಬೇಡಿ. ಅದೊಂದು ಹೇಳಬೇಡಿ. ಮೂರು ಸಲ ಡಾಂಬರು ಹಾಕೋಕೆ ಕಾಸಿತ್ತು.

2024ರ ಆಗಸ್ಟ್‌ನಲ್ಲಿ ಕೌಲಾಲಂಪುರದಲ್ಲಿ ಏನಾಯಿತು ನೆನಪಿದೆಯಾ? ಮಸ್ಜಿದ್ ಇಂಡಿಯಾ ರಸ್ತೆ, ಫುಟ್‌ಪಾತು. ಪ್ರವಾಸಕ್ಕೆ ಹೋಗಿದ್ದ ಒಬ್ಬ ಹೆಣ್ಣುಮಗಳ ಕಾಲ ಕೆಳಗಿನ ನೆಲ ಕುಸಿಯಿತು, 8 ಮೀಟರ್ ಗುಂಡಿ. ಒಳಚರಂಡಿಯಲ್ಲೆಲ್ಲ ಹುಡುಕಿದರು, ಒಂಬತ್ತು ದಿನ. ಸಿಗಲಿಲ್ಲ, ಹುಡುಕಾಟ ನಿಲ್ಲಿಸಿದರು. ಅವರದ್ದು ಕುಪ್ಪಂ. ನಮ್ಮ ಕೆಜಿಎಫ್ ದಾಟಿ ಸ್ವಲ್ಪ ದೂರ ಹೋದರೆ ಸಿಗುವ ಊರು. ರೈಲಿನಲ್ಲಿ ದಿನಾ ಬೆಂಗಳೂರಿಗೆ ಕೆಲಸಕ್ಕೆ ಬಂದು ಹೋಗುವವರಿದ್ದಾರೆ ಅಲ್ಲಿಂದ. ಇದನ್ನು ಹೇಳುವಾಗ ಜೋಕ್ ಮಾಡೋಕೆ ನನಗೂ ಬರುವುದಿಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಗುಂಡಿ ಬಿದ್ದ ಮೇಲೆ ಬ್ಯಾರಿಕೇಡ್, ಟೇಪು, ಟಿವಿ ಮೈಕು, ಇಬ್ಬರು ಕೈ ಕಟ್ಟಿಕೊಂಡು ಗುಂಡಿಯೊಳಗೆ ನೋಡುವ ಫೋಟೋ. ಅವತ್ತು ನೋಡುತ್ತೀರಲ್ಲ ಗುಂಡಿಯೊಳಗೆ, ಬಗ್ಗಿ ಬಗ್ಗಿ? ಅದನ್ನೇ ಮೊದಲು ನೋಡಿ ಅಂತ ಹೇಳುತ್ತಿರುವುದು ನಾನು! ನೋಡೋಕೆ ಬರುತ್ತೆ ನಿಮಗೆ! ಮೋರಿ ಒಳಗೆ ನೋಡಿ. ಡಾಂಬರು ಎಲ್ಲೂ ಓಡಿ ಹೋಗುವುದಿಲ್ಲ.

ಇನ್ನೂ ಎರಡು ಪಾಯಿಂಟ್ ಬರೆದುಕೊಂಡಿದ್ದೆ. ಒಂದು ಇಲಿ ಬಗ್ಗೆ. ಇನ್ನೊಂದು ನನ್ನದೇ ಅಕ್ಷರ, ಓದೋಕೆ ಆಗುತ್ತಿಲ್ಲ. "ಕಡಪ" ಅಂತಿದೆ. ಕಡಪ ಕಲ್ಲು ಯಾಕೆ ಬರೆದೆ? ಬಿಡಿ. ಇಲಿ ವಿಷಯ ಏನು ಅಂದರೆ, ಮೋರಿ ಪಕ್ಕ ಇದ್ದಕ್ಕಿದ್ದ ಹಾಗೆ ಇಲಿ ಬಿಲ ಜಾಸ್ತಿ ಕಂಡರೆ ಒಳಗೆ ಪೊಳ್ಳಿರಬಹುದು ಅಂತ ಅನುಮಾನ ಪಡಿ. ಮುಚ್ಚಿದ ತಗ್ಗು ಅದೇ ಜಾಗದಲ್ಲಿ ಮತ್ತೆ ಬಂದರೆ ಅನುಮಾನ ಪಡಿ. ಮಳೆ ನಿಂತ ಮೇಲೂ ಮೋರಿ ಬಾಯಲ್ಲಿ ಕೆಂಪು ನೀರು ಬರುತ್ತಿದ್ದರೆ ಅನುಮಾನ ಅಲ್ಲ, ಗಾಡಿ ಅಲ್ಲಿ ನಿಲ್ಲಿಸಬೇಡಿ.

ಆ ವಿಡಿಯೋ ಕಚೇರಿಗೆ ಕಳಿಸಿದ್ದೀರಾ ಅಂತ ಕೇಳುತ್ತೀರಿ. ಕಳಿಸಿದ್ದೇನೆ. ಎರಡು ನೀಲಿ ಟಿಕ್ ಬಂದಿದೆ. ಒಂದು ಹೆಬ್ಬೆಟ್ಟೂ ಬಂದಿದೆ. ಹೆಬ್ಬೆಟ್ಟು ಅಂದರೆ ಏನು ಅರ್ಥ ಅಂತ ನೀವೇ ಕಮೆಂಟ್ ಮಾಡಿ. ಸದ್ಯಕ್ಕೆ ಮೂಲೆಯಲ್ಲಿ ಒಂದು ಒಡೆದ ಪ್ಲಾಸ್ಟಿಕ್ ಕುರ್ಚಿ ಇಟ್ಟು, ಅದಕ್ಕೆ ಮಾವಿನ ಸೊಪ್ಪಿನ ಕೊಂಬೆ ಸಿಕ್ಕಿಸಿದ್ದೇನೆ, ಯಾರೋ ಅದಕ್ಕೆ ಕುಂಕುಮ ಹಚ್ಚಿ ಹೋಗಿದ್ದಾರೆ.

ಚಟ್ನಿ ಎಪಿಸೋಡ್ ಮುಂದಿನ ವಾರ, ಖಂಡಿತ. ಇರಿ, ಹೊರಗೆ ಟ್ಯಾಂಕರ್ ಹಾರ್ನ್. ಕುರ್ಚಿ ಪಕ್ಕಕ್ಕೆ ಸರಿಸುತ್ತಿದ್ದಾನೆ. ಏಯ್! ಆ ಕಡೆ ಬರಬೇಡಪ್ಪಾ, ಈ ಕಡೆಯಿಂದ ಬಾ! ಈ ಕಡೆ!