ಮುಳ್ಳಿಲ್ಲದ ಕಳ್ಳಿ ಹಣ್ಣು

ಕೇಳುಗರೇ, ನಮಸ್ಕಾರ.

ಚಿತ್ರದುರ್ಗದವರಿಗೆ ಕಳ್ಳಿ ಹಣ್ಣು ಹೊಸದೇನಲ್ಲ. ಸ್ಕೂಲು ಬಿಟ್ಟ ಮೇಲೆ ಬಂಡೆ ಹತ್ತಿ ಪಾಪಾಸುಕಳ್ಳಿ ಹಣ್ಣು ಕಿತ್ತು ತಿಂದವರೇ ನಾವೆಲ್ಲ. ಬಾಯಿ ಕೆಂಪು, ಅಂಗಿಯೂ ಕೆಂಪು. ದೊಡ್ಡ ಮುಳ್ಳು ಕಣ್ಣಿಗೆ ಕಾಣುತ್ತೆ, ತಪ್ಪಿಸಿಕೊಳ್ಳಬಹುದು. ಹಣ್ಣಿನ ಮೇಲೆ ಜೋಳದ ಸುಂಕಿನಂಥ ಸಣ್ಣ ಮುಳ್ಳು ಇರುತ್ತಲ್ಲ, ಕಾಟ ಕೊಡೋದು ಅದೇ. ಒಂದು ಸಲ ನಾನು ತುಟಿಗೇ ಚುಚ್ಚಿಸಿಕೊಂಡಿದ್ದೆ. ಅಜ್ಜಿ ಬಾಗಿಲ ಬೆಳಕಿಗೆ ಕೂರಿಸಿಕೊಂಡು, ಬೈಯುತ್ತಲೇ ಒಂದೊಂದಾಗಿ ಕಿತ್ತಿದ್ದಳು. ಹಣ್ಣನ್ನು ಮೊದಲು ಮರಳಲ್ಲಿ ಹೊರಳಿಸಿ ಗೋಣಿಚೀಲದಿಂದ ಉಜ್ಜಬೇಕು ಅನ್ನೋದು ಆವತ್ತೇ ಗೊತ್ತಾಗಿದ್ದು.

ಪಾಪಾಸುಕಳ್ಳಿ ನಮ್ಮ ನೆಲದ್ದಲ್ಲ, ಅಮೆರಿಕ ಖಂಡದಿಂದ ಬಂದದ್ದು. ಅಲ್ಲೇ ಅದಕ್ಕೊಬ್ಬ ದಾಯಾದಿ ಇದ್ದಾನೆ, ಪೀಪಾಯಿ ಕಳ್ಳಿ. ಅರಿಜೋನಾ, ಮೆಕ್ಸಿಕೋದ ಮರುಭೂಮಿಯಲ್ಲಿ ಪೀಪಾಯಿ ನಿಲ್ಲಿಸಿದ ಹಾಗೆ ದಪ್ಪಗೆ ನಿಂತಿರುತ್ತೆ. ಶಾಸ್ತ್ರದ ಹೆಸರು ಫೆರೋಕ್ಯಾಕ್ಟಸ್, ಅಂದರೆ ಉಗ್ರ ಕಳ್ಳಿ. ಮುಳ್ಳುಗಳು ಮೀನಿನ ಗಾಳದಂತೆ ಬಾಗಿರುತ್ತವೆ.

ತಮಾಷೆ ಅಂದರೆ, ಇಷ್ಟು ಉಗ್ರ ಗಿಡದ ಹಣ್ಣಿಗೆ ಒಂದೂ ಮುಳ್ಳಿಲ್ಲ! ಗಿಡದ ನೆತ್ತಿಯ ಮೇಲೆ ಸಿಂಬೆ ಸುತ್ತಿದ ಹಾಗೆ ಹಳದಿ ಹಣ್ಣುಗಳ ಸಾಲು. ಒಂದೊಂದೂ ಪುಟಾಣಿ ಅನಾನಸ್. ಹಣ್ಣಾದ ಮೇಲೂ ತಿಂಗಳುಗಟ್ಟಲೆ ಉದುರದೆ ಕೂತಿರುತ್ತೆ. ಸೀಳಿದರೆ ಒಳಗೆ ರಸ ಇಲ್ಲ, ಬರೀ ಕರಿ ಬೀಜ. ತಿನ್ನೋದು ಹೊರಗಿನ ದಪ್ಪ ಸಿಪ್ಪೆ. ನಿಂಬೆಯಂಥ ಹುಳಿ, ಬೆಂಡೆಕಾಯಿಯಂಥ ಲೋಳೆ. ಹಾಗೇ ತಿನ್ನುವವರಿಗಿಂತ ಜಾಮ್, ಚಟ್ನಿ ಮಾಡುವವರಿಗೇ ಇದು ಇಷ್ಟವಾದೀತು. ಬೀಜ ಹುರಿದೂ ತಿನ್ನುತ್ತಾರೆ.

ಈ ಕಳ್ಳಿಯ ತಲೆ ಕಡಿದರೆ ಒಳಗೆ ಕುಡಿಯೋ ನೀರು ಸಿಗುತ್ತೆ ಅನ್ನೋ ಕತೆ ಇದೆ. ಸುಮ್ನೆ ಮಾತು. ಸಿಗೋದು ಲೋಳೆ ತಿರುಳು, ಅದರಲ್ಲಿ ಆಕ್ಸಾಲಿಕ್ ಆಮ್ಲ. ಖಾಲಿ ಹೊಟ್ಟೆಗೆ ಬಿದ್ದರೆ ಭೇದಿ ಶುರುವಾಗಿ ಇದ್ದ ನೀರೂ ಹೋಗುತ್ತೆ.

ನರ್ಸರಿಯಲ್ಲಿ ಚಿನ್ನದ ಬಣ್ಣದ ಮುಳ್ಳಿನ ಚೆಂಡಿನಂಥ ಕಳ್ಳಿ ಮಾರ್ತಾರಲ್ವಾ, ಅದು ಬೇರೆ ಜಾತಿ. ಅದರ ಹಣ್ಣು ಗಿಡದ ನೆತ್ತಿಯ ಉಣ್ಣೆಯಂಥ ಎಳೆಗಳೊಳಗೆ ಒಣಗಿಕೊಂಡಿರುತ್ತೆ, ತಿನ್ನೋಕೆ ಸಲ್ಲದು. ಹೊಲದ ಬೇಲಿಯಲ್ಲಿ ಮುರಿದರೆ ಹಾಲು ಸುರಿಸುವ ಕಳ್ಳಿಯಂತೂ ಈ ಕುಲದ್ದೇ ಅಲ್ಲ. ಆ ಹಾಲು ಕಣ್ಣಿಗೆ ಬಿದ್ದರೆ ಬಹಳ ಅಪಾಯ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಮೊನ್ನೆ ಅಜ್ಜಿಗೆ ಮೊಬೈಲಿನಲ್ಲಿ ಪೀಪಾಯಿ ಕಳ್ಳಿಯ ಫೋಟೋ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ ಅಂದಳು: "ಹಣ್ಣಿಗೆ ಮುಳ್ಳೇ ಇಲ್ಲ ಅಂತೀಯ, ಅದೆಂಥ ಕಳ್ಳಿನಪ್ಪಾ?"

ನಮಸ್ಕಾರ.