ಟೈಮಿಂಗ್ ಬೆಲ್ಟಿನ ಕವರ್ ಬಿಚ್ಚಿಡಬೇಡಿ

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದಲ್ಲಿ ಗಾಡಿ ಓಡಿಸುವವರಿಗೆ ಧೂಳು ಅಂದರೇನು ಅಂತ ನಾನು ಹೇಳಬೇಕಾಗಿಲ್ಲ. ಬೆಟ್ಟದ ದಾರಿಗೂ ಕ್ರಷರ್ ದಾರಿಗೂ ಹೋಗಿ ಬಂದವರೇ ಇಲ್ಲಿ ಕೂತಿದ್ದೀರಿ. ಅದಕ್ಕೇ ಇವತ್ತು ಟೈಮಿಂಗ್ ಬೆಲ್ಟನ್ನು, ಅಂದರೆ ಎಂಜಿನ್ನಿನ ಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ಪಟ್ಟಿಯನ್ನು, ಮುಚ್ಚುವ ಪ್ಲಾಸ್ಟಿಕ್ ಕವರಿನ ಮಾತು ತೆಗೆದೆ.

ಕಥೆಯಿಂದಲೇ ಶುರು ಮಾಡುತ್ತೇನೆ. ನನ್ನ ಹಳೆಯ ಡೀಸೆಲ್ ಗಾಡಿ. ಪೆರೇಸಂದ್ರ ದಾಟಿ ಆವಲಬೆಟ್ಟದ ಕಡೆ ಮಣ್ಣಿನ ದಾರಿಯಲ್ಲಿ ಏರುತ್ತಿದ್ದೆ. ಕೆಮ್ಮಲಿಲ್ಲ, ಜಗ್ಗಲಿಲ್ಲ, ಸುಮ್ನೆ ಆಫ್ ಆಯಿತು. ಸೆಲ್ಫ್ ಹೊಡೆದರೆ ಎಂಜಿನ್ ಹಗುರವಾಗಿ ಗಿರಗಿರ ತಿರುಗಿತು. ಆ ಸದ್ದು ಕೇಳಿದ ಮೆಕ್ಯಾನಿಕ್‌ಗಳಿಗೆ ಈಗಲೇ ಎದೆ ಧಸಕ್ ಅಂದಿರಬೇಕು! ಹೊಲದಲ್ಲಿದ್ದ ಒಬ್ಬರು ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿದರು. "ಡೀಸೆಲ್ ಖಾಲೀನಾ ಸಾರ್?" ಅಂತ ಮೂರು ಸಲ ಕೇಳಿದರು. ದುಡ್ಡು ಕೊಟ್ಟರೆ ತಗೊಳ್ಳಲಿಲ್ಲ, ಮಜ್ಜಿಗೆ ಕೊಟ್ಟು ಕಳಿಸಿದರು. ಬಿಚ್ಚಿ ನೋಡಿದರೆ ಕೆಳಗಿನ ಕವರೇ ಇಲ್ಲ. ಹಿಂದೆ ಯಾರೋ ಕೆಲಸ ಮಾಡಿದವರು ತಿರುಗಿ ಹಾಕಿರಲಿಲ್ಲ. ಬೆಲ್ಟ್ ಓಡುವ ಚಕ್ರ, ಅಂದರೆ ಪುಲ್ಲಿಯ ಹಲ್ಲಿನ ಸಂದಿಯಲ್ಲಿ ಕಡಲೆ ಗಾತ್ರದ ಜಲ್ಲಿ ಚೂರು. ಬೆಲ್ಟ್ ಕಟ್, ಗಾಳಿ ಒಳಗೆ ಹೊಗೆ ಹೊರಗೆ ಬಿಡುವ ವಾಲ್ವ್‌ಗಳು ಬೆಂಡ್, ಎಂಜಿನ್ನಿನ ಮೇಲ್ಭಾಗದ ಹೆಡ್ ಇಳಿಸಬೇಕಾಯಿತು. ಇಷ್ಟಕ್ಕೂ ಕಾರಣ ಆ ಪ್ಲಾಸ್ಟಿಕ್ ತುಂಡು ಅಲ್ಲಿ ಇಲ್ಲದೇ ಇದ್ದದ್ದು.

ಪಿಸ್ಟನ್‌ಗಳು ತಿರುಗಿಸುವ ದಂಡ ಕ್ರ್ಯಾಂಕ್, ವಾಲ್ವ್ ತೆರೆಯುವ ದಂಡ ಕ್ಯಾಮ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ 3000 ಸುತ್ತಿನಲ್ಲಿದ್ದಾಗ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಈ ಲೆಕ್ಕ ತಪ್ಪದಂತೆ ಹಿಡಿದಿರುವುದು ಹಲ್ಲಿರುವ ಒಂದು ರಬ್ಬರ್ ಪಟ್ಟಿ. ಡೀಸೆಲ್ ಎಂಜಿನ್‌ನಲ್ಲಿ ಹೆಚ್ಚಾಗಿ ಪಿಸ್ಟನ್ ಮೇಲೆ ಬರುವ ಜಾಗಕ್ಕೇ ವಾಲ್ವ್ ಕೆಳಗಿಳಿಯುತ್ತದೆ. ಲೆಕ್ಕ ತಪ್ಪಿದರೆ ಎರಡೂ ಡಿಕ್ಕಿ. ಎಲ್ಲ ಗಾಡಿಗೂ ಬೆಲ್ಟ್ ಇರುವುದಿಲ್ಲ, ಎಷ್ಟೋ ಗಾಡಿಗೆ ಚೈನ್ ಇದೆ. ಆದರೆ ಮಾರುತಿ ಜಿಪ್ಸಿ ಇಟ್ಟುಕೊಂಡವರು ಇಲ್ಲಿ ಜಾಸ್ತಿ ಕಾಣುತ್ತಿದ್ದೀರಿ. ನಿಮ್ಮ 1.3 ಲೀಟರ್ ಎಂಜಿನ್ ಬೆಲ್ಟಿನದೇ.

"ಕವರ್ ತೆಗೆದರೆ ಗಾಳಿ ಆಡುತ್ತೆ, ಬೆಲ್ಟ್ ಕಣ್ಣಿಗೆ ಕಾಣುತ್ತೆ" ಅನ್ನುವವರಿದ್ದಾರೆ. ಬೇಡ, ದಯವಿಟ್ಟು ಬೇಡ. ನಮ್ಮ ಕಲ್ಲಿನ ಪುಡಿ ಬೆಲ್ಟಿನ ಹಲ್ಲನ್ನು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಕೆಸರು ಒಣಗಿ ಪುಲ್ಲಿಯಲ್ಲಿ ಗಟ್ಟಿಯಾದರೆ ಬೆಲ್ಟ್ ಒಂದು ಹಲ್ಲು ಹಾರಬಹುದು. ಆದ್ದರಿಂದ ಕವರಿನ ಅಂಚಿನ ರಬ್ಬರ್ ಹರಿದಿದ್ದರೆ ಬದಲಿಸಿ. ಎಂಜಿನ್ ತೊಳೆಯುವಾಗ ಪ್ರೆಷರ್ ನೀರನ್ನು ಆ ಕಡೆ ಬಿಡಬೇಡಿ.

ಇನ್ನೊಂದು ಶತ್ರು ಒಳಗಡೆಯೇ ಇದೆ. ಆಯಿಲ್ ಹೊರಬರದಂತೆ ತಡೆಯುವ ಕ್ರ್ಯಾಂಕ್ ಸೀಲ್, ಕ್ಯಾಮ್ ಸೀಲ್ ಜಿನುಗಿದರೆ ಆಯಿಲ್ ಕುಡಿದ ಬೆಲ್ಟಿನ ರಬ್ಬರ್ ಊದಿ ಮೆತ್ತಗಾಗುತ್ತದೆ. ಒರೆಸಿ ಮತ್ತೆ ಆ ಬೆಲ್ಟನ್ನೇ ಹಾಕುವುದು ಬೇಡ.

ಟೈಮ್ ಆಗುತ್ತಿದೆ ಅಂತ ಕೈ ಸನ್ನೆ ಮಾಡುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಬೆಲ್ಟ್ ಬದಲಿಸಲು ಕಿಲೋಮೀಟರ್ ಒಂದನ್ನೇ ನೋಡಬೇಡಿ, ವರ್ಷವನ್ನೂ ನೋಡಿ. ಮ್ಯಾನುಯಲ್‌ನಲ್ಲಿ ಎರಡೂ ಇದ್ದರೆ ಯಾವುದು ಮೊದಲು ಮುಗಿಯುತ್ತದೋ ಅದೇ ಗಡುವು. ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಬೇರಿಂಗನ್ನೂ ಜೊತೆಗೇ ಬದಲಿಸಿ. ಬೆಲ್ಟ್ ಹಾಕಿದ ಮೇಲೆ ಸೆಲ್ಫ್ ಹೊಡೆಯುವ ಮುಂಚೆ ಸ್ಪ್ಯಾನರ್‌ನಲ್ಲಿ ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಿ, ಪುಲ್ಲಿಗಳ ಟೈಮಿಂಗ್ ಗುರುತು ಕೂಡುತ್ತಾ ನೋಡಿ. ಆಮೇಲೆ ಕವರ್. ಎಲ್ಲ ಸ್ಕ್ರೂ ಸಮೇತ.

ವಾಟರ್ ಪಂಪ್ ವಿಷಯ ಉಳಿಯಿತು. ಹೊರಗೆ ಹೇಳುತ್ತೇನೆ, ಬನ್ನಿ. ಟಾರ್ಚ್ ತಂದಿದ್ದೇನೆ, ಒಂದೊಂದೇ ಗಾಡಿಯ ಬಾನೆಟ್ ಎತ್ತಿ ಸ್ಕ್ರೂ ಎಣಿಸೋಣ.